ನಿಮಗಿದು ಗೊತ್ತೆ? ಎಂಬಿಬಿಎಸ್ ಇಲ್ಲದ ಶಸ್ತ್ರಚಿಕಿತ್ಸಕರು

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ 1991ರಿಂದ 2002ರವರೆಗೆ ಅಂತರ್ಯುದ್ಧದಲ್ಲಿ ಬೆಂದ ದೇಶ. ಅಲ್ಲಿ ಸರ್ಜನ್‌ಗಳು ತೀರಾ ವಿರಳ. ಇರುವವರಲ್ಲೂ ಹೆಚ್ಚಿನವರು ರಾಜಧಾನಿ ಫ್ರೀಟೌನ್ ಬಿಟ್ಟು ಕದಲುವುದಿಲ್ಲ. ಹಾಗಾದರೆ ಹಳ್ಳಿಯ ಬಸುರಿಗೆ ತುರ್ತಾಗಿ ಸಿಸೇರಿಯನ್ ಮಾಡುವವರು ಯಾರು?

2011ರಲ್ಲಿ 'ಕ್ಯಾಪಾಕೇರ್' ಸಂಸ್ಥೆ ಮಸಾಂಗಾ ಆಸ್ಪತ್ರೆಯಲ್ಲಿ ಒಂದು ತರಬೇತಿ ಆರಂಭಿಸಿತು. ವೈದ್ಯ ಪದವಿಯಿಲ್ಲದ ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ಎರಡು ವರ್ಷ ಕಲಿಕೆ, ಮತ್ತೊಂದು ವರ್ಷ ಆಸ್ಪತ್ರೆಗಳಲ್ಲಿ ಹಿರಿಯರ ಕಣ್ಗಾವಲಿನಲ್ಲಿ ಕೆಲಸ. ಸಿಸೇರಿಯನ್, ಹರ್ನಿಯಾ, ಅಪೆಂಡಿಕ್ಸ್‌ನಂಥ ಜೀವ ಉಳಿಸುವ ಆಪರೇಷನ್‌ಗಳಿಗಷ್ಟೇ ಒತ್ತು.

'ಅರೆ ವೈದ್ಯ'ರೆಂದು ಮೂಗು ಮುರಿಯುವ ಮುನ್ನ ಇದನ್ನು ಕೇಳಿ. ಅಲ್ಲಿ ತೊಡೆಸಂದಿನ ಹರ್ನಿಯಾಕ್ಕೆ ಜಾಲರಿ ಹಾಕುವ ಆಪರೇಷನ್ ಕುರಿತು ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಹರ್ನಿಯಾ ಮರುಕಳಿಸಿದ್ದು ವೈದ್ಯರ ರೋಗಿಗಳಲ್ಲಿ ಶೇ. 7ರಷ್ಟು ಮಂದಿಗೆ, ಇವರ ರೋಗಿಗಳಲ್ಲಿ ಶೇ. 1ರಷ್ಟು ಮಂದಿಗೆ! ಅಧ್ಯಯನ ಚಿಕ್ಕದು, ನಿಜ. ಆದರೂ ಕೈ ಪಳಗಿದರೆ ಏನಾಗುತ್ತದೆಂದು ಅದು ತೋರಿಸಿತು.

ಕೈಗಳಿದ್ದರೆ ಸಾಲದು, ಯಂತ್ರವೂ ಬೇಕಲ್ಲ. ದಾನವಾಗಿ ಬಂದ ಆಧುನಿಕ ಉಪಕರಣಗಳು ಬಿಡಿಭಾಗ ಸಿಗದೆ, ವೋಲ್ಟೇಜ್ ಏರುಪೇರಿಗೆ ಸುಟ್ಟು ಮೂಲೆ ಸೇರುವುದು ಬಡದೇಶಗಳಲ್ಲಿ ಮಾಮೂಲಿ. ಅದಕ್ಕೆಂದೇ ರೂಪಿಸಿದ 'ಯೂನಿವರ್ಸಲ್ ಅನಸ್ತೇಶಿಯಾ ಮೆಷಿನ್' ಸಿಯೆರಾ ಲಿಯೋನ್‌ನಲ್ಲೂ ಬಳಕೆಯಾಗಿದೆ. ಕರೆಂಟಿದ್ದಾಗ ಅದು ಕೋಣೆಯ ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸಿಕೊಳ್ಳುತ್ತದೆ. ಕರೆಂಟು ಹೋದರೆ ಸಾಮಾನ್ಯ ಗಾಳಿಯನ್ನೇ ಎಳೆದುಕೊಂಡು, ಕೈಯಿಂದ ಒತ್ತುವ ತಿದಿಯ ನೆರವಿನಲ್ಲಿ, ರೋಗಿಗೆ ಅರಿವಳಿಕೆ ಕೊಡುವುದನ್ನು ಮುಂದುವರಿಸುತ್ತದೆ.