ತಲೆಗೆ ಬಂದದ್ದು ಮುಂಡಾಸಿಗೆ ಹೋಗಲಿ: ಕಾರ್ ರೇಸಿನ ಹೆಲ್ಮೆಟ್ ಕೊಳ್ಳುವ ಮುನ್ನ

ಚೆನ್ನೈಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಶ್ರೀಪೆರುಂಬುದೂರು ತಲುಪುವ ಮುನ್ನ ಇರುಂಗಾಟ್ಟುಕೋಟ್ಟೈ ಎಂಬ ಊರು ಸಿಗುತ್ತದೆ. ಹಬ್ಬಕ್ಕೋ ಮದುವೆಗೋ ಊರಿಗೆ ಹೊರಟು ಆ ದಾರಿಯನ್ನು ಹಾದು ಹೋಗದ ಚೆನ್ನೈ ಕನ್ನಡಿಗರು ವಿರಳ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1990ರಲ್ಲಿ ಆರಂಭಿಸಿದ ರೇಸ್ ಟ್ರ್ಯಾಕ್ ಇರುವುದು ಅಲ್ಲಿಯೇ. ಅದಕ್ಕೂ ಹಿಂದೆ ನಗರದ ಉತ್ತರಕ್ಕಿರುವ ಶೋಳಾವರಂನ ಹಳೆಯ ವಿಮಾನ ಓಡುದಾರಿಯ ಮೇಲೆ ರೇಸುಗಳು ನಡೆಯುತ್ತಿದ್ದವು. ನಮ್ಮ ಪೀಳಿಗೆಯ ಅನೇಕರು ಅವನ್ನು ಹಗ್ಗದಾಚೆ ನಿಂತು ನೋಡಿದವರು. ನಮ್ಮ ಮಕ್ಕಳೋ ಹಗ್ಗದ ಈಚೆಗೆ ಬಂದು ಸ್ಟಿಯರಿಂಗ್ ಹಿಡಿಯಲು ಬಯಸುವವರು. ಈ ವ್ಯತ್ಯಾಸವೇ ಈ ಲೇಖನಕ್ಕೆ ಕಾರಣ.

ನಮ್ಮ ಮಗ ಹವ್ಯಾಸಿ ಕಾರ್ ರೇಸಿನ ತರಬೇತಿಗೆ ಸೇರುತ್ತೇನೆಂದಾಗ ಮನೆಯಲ್ಲಿ ಎರಡು ವಾರ ಮಾತುಕತೆ ನಡೆಯಿತು. ಕೊನೆಗೆ ನಮ್ಮ ಮನೆಯವರು ಒಂದೇ ಷರತ್ತು ಹಾಕಿದರು: "ತಲೆಗೆ ಏನು ಹಾಕಿಕೊಳ್ಳುತ್ತೀಯೋ ಅದನ್ನು ಮೊದಲು ತಂದು ತೋರಿಸು." ಅವನು ಗೆಳೆಯನೊಬ್ಬನಿಂದ ಎರವಲು ಪಡೆದ ಹೆಲ್ಮೆಟ್ಟನ್ನು ತಂದು ಮೇಜಿನ ಮೇಲಿಟ್ಟ. ಹೊರಗಿನಿಂದ ಮಿರಮಿರ ಮಿಂಚುತ್ತಿತ್ತು. ಒಳಗಿನ ಬಟ್ಟೆಯ ಅಸ್ತರನ್ನು ಬಿಡಿಸಿ ನೋಡಿದಾಗ 2005ರ ಮಾನದಂಡದ ಚೀಟಿ ಕಂಡಿತು. ಬಲಗಿವಿಯ ಮೇಲ್ಭಾಗದಲ್ಲಿ ಬೆರಳಿಟ್ಟರೆ ತಿಳಿಯುವಷ್ಟು ತಗ್ಗೂ ಇತ್ತು. ಯಾವಾಗಲೋ ಯಾರದೋ ತಲೆಯನ್ನು ಉಳಿಸಿ ತನ್ನ ಕೆಲಸ ಮುಗಿಸಿದ್ದ ಹೆಲ್ಮೆಟ್ ಅದು. ಅದನ್ನು ಹಿಂದಿರುಗಿಸಿ, ಹೊಸದನ್ನು ಕೊಳ್ಳುವ ಸಲುವಾಗಿ ನಾವು ಕೆಲವು ತಿಂಗಳು ಓದಿದೆವು, ಬಲ್ಲವರನ್ನು ಕೇಳಿದೆವು. ಕಲಾ ವಿಭಾಗದಲ್ಲಿ ಓದಿ ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ಬಾಳಿದ ನಮಗೂ ಅರ್ಥವಾದ ಸಂಗತಿಗಳನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಹೆಲ್ಮೆಟ್ ಮಾಡುವ ಕೆಲಸವೇನು?

ಹೆಲ್ಮೆಟ್ ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಎಂಬುದು ಸಾಮಾನ್ಯ ನಂಬಿಕೆ. ಇದು ಅರ್ಧ ಸತ್ಯ. ಫೈಬರ್ ಗ್ಲಾಸ್, ಕಾರ್ಬನ್ ಫೈಬರ್ ಮುಂತಾದವುಗಳಿಂದ ಮಾಡಿದ ಹೊರಚಿಪ್ಪು ಪೆಟ್ಟನ್ನು ಒಂದೇ ಬಿಂದುವಿನಲ್ಲಿ ನಿಲ್ಲಲು ಬಿಡದೆ ಹರಡುತ್ತದೆ, ಚೂಪಾದ ವಸ್ತು ಒಳನುಗ್ಗದಂತೆ ತಡೆಯುತ್ತದೆ. ಆದರೆ ಜೀವ ಉಳಿಸುವ ಮುಖ್ಯ ಕೆಲಸ ಅದರ ಒಳಗಿನ ಪದರದ್ದು. ಹೊಸ ಟೀವಿಯ ಪೆಟ್ಟಿಗೆಯಲ್ಲಿ ಬರುವ ಥರ್ಮಾಕೋಲಿನ ಜಾತಿಗೇ ಸೇರಿದ, ಲೆಕ್ಕಾಚಾರದಿಂದ ಗಡಸುತನ ನಿಗದಿ ಮಾಡಿದ ಪದರವದು. ಅಪಘಾತವಾದಾಗ ಅದು ಜಜ್ಜಿಹೋಗುತ್ತದೆ. ಹಾಗೆ ಜಜ್ಜಿಹೋಗಲು ತಗಲುವ ಸೆಕೆಂಡಿನ ಸಾವಿರದ ಕೆಲವು ಪಾಲುಗಳ ಕಾಲಾವಕಾಶವೇ ಮಿದುಳಿಗೆ ಸಿಗುವ ರಕ್ಷಣೆ. ತಲೆ ಥಟ್ಟನೆ ನಿಲ್ಲುವ ಬದಲು ಸ್ವಲ್ಪ ನಿಧಾನಿಸಿ ನಿಲ್ಲುತ್ತದೆ.

"ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು" ಎಂಬ ನಮ್ಮ ಹಿರಿಯರ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಒಮ್ಮೆ ಜಜ್ಜಿದ ಪದರ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಗೀರೂ ಕಾಣದಿದ್ದರೂ, ಮತ್ತೆ ಬಳಸತಕ್ಕದ್ದಲ್ಲ. ಇತಿಹಾಸ ತಿಳಿಯದ ಹಳೆಯ ಹೆಲ್ಮೆಟ್ಟನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬಾರದು ಎನ್ನುವುದಕ್ಕೂ ಇದೇ ಕಾರಣ.

ಬೈಕಿನ ಹೆಲ್ಮೆಟ್ ಏಕೆ ಸಾಲದು?

ಮನೆಯಲ್ಲಿ ಈಗಾಗಲೇ ಐಎಸ್‌ಐ ಮುದ್ರೆಯ ಒಳ್ಳೆಯ ಹೆಲ್ಮೆಟ್ ಇರುವಾಗ ಮತ್ತೊಂದೇಕೆ ಎಂಬ ಪ್ರಶ್ನೆ ನಮ್ಮಲ್ಲೂ ಎದ್ದಿತ್ತು. ದ್ವಿಚಕ್ರ ಸವಾರರ ಹೆಲ್ಮೆಟ್ಟುಗಳಿಗೆ ಅನ್ವಯಿಸುವ ಭಾರತೀಯ ಮಾನದಂಡ ಐಎಸ್ 4151. 2021ರ ಜೂನ್ 1ರಿಂದ ಅದು ಕಡ್ಡಾಯವಾಗಿದೆ. ರಸ್ತೆಯ ಮೇಲೆ ಅದು ಅತ್ಯಗತ್ಯ. ಆದರೆ ಬೈಕಿನಿಂದ ಬೀಳುವವನ ಅಪಾಯ ಬೇರೆ, ಕಾರಿನೊಳಗೆ ಬಿಗಿದು ಕುಳಿತವನ ಅಪಾಯ ಬೇರೆ. ಬೈಕ್ ಸವಾರ ವಾಹನದಿಂದ ದೂರಕ್ಕೆ ಎಸೆಯಲ್ಪಡುತ್ತಾನೆ. ರೇಸ್ ಕಾರಿನ ಚಾಲಕ ಪಟ್ಟಿಗಳಿಂದ ಬಿಗಿಯಲ್ಪಟ್ಟು ಕಾರಿನೊಳಗೇ ಉಳಿಯುತ್ತಾನೆ. ಅವನ ತಲೆ ಉಕ್ಕಿನ ಕೊಳವೆಗಳಿಂದ ಮಾಡಿದ ರೋಲ್ ಕೇಜಿಗೆ ಒಂದಕ್ಕಿಂತ ಹೆಚ್ಚು ಸಲ ಬಡಿಯಬಹುದು. ಇಂಧನಕ್ಕೆ ಬೆಂಕಿ ಹತ್ತಿದರೆ ಹೊರಬರಲು ಕೆಲವು ಸೆಕೆಂಡುಗಳಾದರೂ ಬೇಕು.

ಈ ವ್ಯತ್ಯಾಸವನ್ನು ಗುರುತಿಸಿ ಮಾನದಂಡ ರೂಪಿಸಿದ ಸಂಸ್ಥೆ ಅಮೆರಿಕದ ಸ್ನೆಲ್ ಪ್ರತಿಷ್ಠಾನ. ಅದರ ಹುಟ್ಟೇ ಒಂದು ದುಃಖದ ಕಥೆ. ವಿಲಿಯಂ ಸ್ನೆಲ್, ಗೆಳೆಯರ ಬಾಯಲ್ಲಿ ಪೀಟ್ ಸ್ನೆಲ್, ಎಂಬ ರೇಸುಗಾರ 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಸ್ಪೋರ್ಟ್ಸ್ ಕಾರುಗಳ ರೇಸಿನಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು. ಅವರ ತಲೆಯ ಮೇಲೆ ಹೆಲ್ಮೆಟ್ ಇತ್ತು, ಅದು ಕಾಪಾಡಲಿಲ್ಲ. ಮರುವರ್ಷ ಗೆಳೆಯರು ಮತ್ತು ಡಾ. ಜಾರ್ಜ್ ಸ್ನೈವ್ಲಿ ಎಂಬ ವೈದ್ಯರು ಸೇರಿ ಅವರ ಹೆಸರಿನಲ್ಲಿ ಪ್ರತಿಷ್ಠಾನವನ್ನು ಸ್ಥಾಪಿಸಿ, ಹೆಲ್ಮೆಟ್ಟುಗಳನ್ನು ಬಡಿದು ಪರೀಕ್ಷಿಸುವ ಕೆಲಸಕ್ಕೆ ತೊಡಗಿದರು.

ಈ ಸಂಸ್ಥೆ ಬೇರೆ ಬೇರೆ ಬಳಕೆಗೆ ಬೇರೆ ಬೇರೆ ಅಕ್ಷರಗಳನ್ನು ಕೊಡುತ್ತದೆ. 'ಎಂ' ಎಂದರೆ ಮೋಟಾರ್ ಸೈಕಲ್, 'ಕೆ' ಎಂದರೆ ಕಾರ್ಟಿಂಗ್, 'ಎಸ್‌ಎ' ಎಂದರೆ ಕಾರ್ ರೇಸ್. ಬೆಂಕಿಯ ಪರೀಕ್ಷೆ ಇರುವುದು ಎಸ್‌ಎಗೆ ಮಾತ್ರ. ಸುಮಾರು 790 ಡಿಗ್ರಿ ಸೆಲ್ಸಿಯಸ್ ಬಿಸಿಯ ಪ್ರೊಪೇನ್ ಜ್ವಾಲೆಯನ್ನು ಹೆಲ್ಮೆಟ್ಟಿಗೆ ಹಿಡಿಯುತ್ತಾರೆ. ಜ್ವಾಲೆ ತೆಗೆದಾಗ ಹತ್ತಿಕೊಂಡ ಬೆಂಕಿ ತಾನಾಗಿಯೇ ಆರಬೇಕು, ಒಳಗಿನ ಶಾಖ 70 ಡಿಗ್ರಿ ಮೀರಬಾರದು. ರೋಲ್ ಕೇಜಿನ ಕೊಳವೆಯನ್ನು ಹೋಲುವ ಉಕ್ಕಿನ ದಂಡದ ಮೇಲೂ ಹೆಲ್ಮೆಟ್ಟನ್ನು ಬಡಿಯುತ್ತಾರೆ. ಕಾರ್ಟಿಂಗ್ ಹೆಲ್ಮೆಟ್ ನೋಡಲು ಕಾರ್ ರೇಸಿನದರಂತೆಯೇ ಇದ್ದು ಬೆಲೆಯೂ ಕಡಿಮೆ ಇರುವುದರಿಂದ ಹೊಸಬರು ಮೋಸಹೋಗುವುದು ಅಲ್ಲಿಯೇ.

ಚೀಟಿಯನ್ನು ಓದುವ ಬಗೆ

ನೋಟನ್ನು ಬೆಳಕಿಗೆ ಹಿಡಿದು ನೋಡುವುದು ನಮ್ಮ ವೃತ್ತಿಯಿಂದ ಬಂದ ಅಭ್ಯಾಸ. ಹೆಲ್ಮೆಟ್ಟಿಗೂ ಅಂಥ ಪರಿಶೀಲನೆ ಬೇಕು. ಸ್ನೆಲ್ ಚೀಟಿ ಸಾಮಾನ್ಯವಾಗಿ ಒಳಗಿನ ಅಸ್ತರಿನ ಅಡಿಯಲ್ಲಿ ಅಂಟಿಕೊಂಡಿರುತ್ತದೆ. ಸುಮಾರು ಐದು ವರ್ಷಕ್ಕೊಮ್ಮೆ ಮಾನದಂಡ ಪರಿಷ್ಕೃತವಾಗುತ್ತದೆ: ಎಸ್‌ಎ 2010, 2015, 2020, ಇದೀಗ 2025. ಇಂದು ಹೊಸದನ್ನು ಕೊಳ್ಳುವವರು ಎಸ್‌ಎ 2020 ಅಥವಾ ಎಸ್‌ಎ 2025 ಇರುವುದನ್ನೇ ಆರಿಸಬೇಕು. ಹಳೆಯ ಸರಕು ಅರ್ಧ ಬೆಲೆಗೆ ಸಿಕ್ಕಿತೆಂದು ಸಂತೋಷಪಟ್ಟರೆ, ನಾಳೆ ರೇಸಿನ ತಪಾಸಣಾ ಅಧಿಕಾರಿ ಅದನ್ನು ಬದಿಗಿಟ್ಟಾಗ ಪೂರ್ತಿ ಹಣವೇ ನಷ್ಟ.

ಅಂತರರಾಷ್ಟ್ರೀಯ ಮೋಟಾರ್ ಒಕ್ಕೂಟವಾದ ಎಫ್‌ಐಎ ತನ್ನದೇ ಮಾನದಂಡಗಳನ್ನು ಹೊಂದಿದೆ. 8859 ಎಂಬ ಸಂಖ್ಯೆ ಹವ್ಯಾಸಿಗಳಿಗೆ ಸಾಕಾಗುವಂಥದ್ದು. 8860 ಅತಿ ವೇಗದ ಕಾರುಗಳಿಗಾಗಿ ರೂಪಿಸಿದ, ಇನ್ನೂ ಕಠಿಣವಾದ ಮತ್ತು ಬಹಳ ದುಬಾರಿಯಾದ ದರ್ಜೆ. ನಮ್ಮ ದೇಶದಲ್ಲಿ ಇರುಂಗಾಟ್ಟುಕೋಟ್ಟೈಯಾಗಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಾಗಲಿ, ಮಾನ್ಯತೆ ಪಡೆದ ರೇಸುಗಳು ಭಾರತೀಯ ಒಕ್ಕೂಟವಾದ ಎಫ್‌ಎಂಎಸ್‌ಸಿಐ ನಿಯಮಗಳಂತೆ ನಡೆಯುತ್ತವೆ. ಅಂಗಡಿಗೆ ಹೋಗುವ ಮೊದಲು, ಭಾಗವಹಿಸಲಿರುವ ಸ್ಪರ್ಧೆಯ ಆ ವರ್ಷದ ನಿಯಮಾವಳಿಯನ್ನು ತರಿಸಿಕೊಂಡು ಓದುವುದು ಜಾಣತನ. ನಕಲಿ ಚೀಟಿಗಳೂ ಉಂಟು. ಸ್ನೆಲ್ ಮತ್ತು ಎಫ್‌ಐಎ ಪ್ರಕಟಿಸುವ ಅನುಮೋದಿತ ಹೆಲ್ಮೆಟ್ಟುಗಳ ಪಟ್ಟಿಯಲ್ಲಿ ಮಾದರಿಯ ಹೆಸರು ಇದೆಯೇ ಎಂದು ನೋಡಿಕೊಳ್ಳಬೇಕು.

ಅಳತೆಯೇ ಅರ್ಧ ರಕ್ಷಣೆ

1976ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಿಕಿ ಲೌಡಾ ಅವರ ಫೆರಾರಿ ಕಾರಿಗೆ ಬೆಂಕಿ ಹತ್ತಿದಾಗ, ಅವರ ಹೆಲ್ಮೆಟ್ ತಲೆಯಿಂದ ಕಳಚಿಹೋಗಿತ್ತು. ಮುಖ ಮತ್ತು ತಲೆ ತೀವ್ರವಾಗಿ ಸುಟ್ಟವು. 2020ರಲ್ಲಿ ಬಹ್ರೇನ್‌ನಲ್ಲಿ ರೊಮೆನ್ ಗ್ರೋಜಾನ್ ಅವರ ಕಾರು ತಡೆಗೋಡೆಯನ್ನು ಸೀಳಿ ಉರಿದಾಗ ಅವರು ಅರ್ಧ ನಿಮಿಷದಷ್ಟು ಕಾಲ ಜ್ವಾಲೆಯ ನಡುವೆ ಇದ್ದು ಹೊರಬಂದರು. ಸುಟ್ಟದ್ದು ಮುಖ್ಯವಾಗಿ ಕೈಗಳು. ಇವರಿಬ್ಬರ ನಡುವಿನ ನಲವತ್ತನಾಲ್ಕು ವರ್ಷಗಳಲ್ಲಿ ಕಾರು, ಉಡುಪು, ಹೆಲ್ಮೆಟ್ ಎಲ್ಲವೂ ಸುಧಾರಿಸಿದವು. ಆದರೆ ತಲೆಯ ಮೇಲೆ ನಿಲ್ಲದ ಹೆಲ್ಮೆಟ್ ಎಷ್ಟು ಉತ್ತಮವಾಗಿದ್ದರೂ ವ್ಯರ್ಥ ಎಂಬ ಮಾತು ಮಾತ್ರ ಬದಲಾಗಿಲ್ಲ.

ಅಳತೆಗೆ ದರ್ಜಿಯ ಟೇಪು ಸಾಕು. ಹುಬ್ಬಿನಿಂದ ಸುಮಾರು ಒಂದು ಅಂಗುಲ ಮೇಲೆ, ತಲೆಯ ಹಿಂಭಾಗದ ಅತ್ಯಂತ ಉಬ್ಬಿದ ಜಾಗವನ್ನು ಬಳಸಿ ಸುತ್ತಳತೆ ತೆಗೆಯಬೇಕು. ಇದು ಆರಂಭ ಮಾತ್ರ. ಕೆಲವರ ತಲೆ ದುಂಡಗೆ, ಕೆಲವರದು ನೀಳ. ಬೆಲ್, ಅರಾಯ್, ಸ್ಟೀಲೊ ಮುಂತಾದ ತಯಾರಕರ ಅಚ್ಚುಗಳೂ ಒಂದೇ ರೀತಿ ಇರುವುದಿಲ್ಲ. ಗೆಳೆಯನಿಗೆ ಒಪ್ಪಿದ ಕಂಪನಿ ನಮಗೂ ಒಪ್ಪಬೇಕೆಂದಿಲ್ಲ. ಬೆಂಕಿ ನಿರೋಧಕ ಮುಸುಕನ್ನು ಮೊದಲು ಧರಿಸಿ ಅದರ ಮೇಲೆ ಹೆಲ್ಮೆಟ್ ಹಾಕಿ ನೋಡಬೇಕು.

ಹೊಸ ಹೆಲ್ಮೆಟ್ ಬಿಗಿಯಾಗಿಯೇ ಇರಬೇಕು, ಕೆನ್ನೆ ಒತ್ತಬೇಕು. ಗದ್ದದ ಭಾಗವನ್ನು ಹಿಡಿದು ಎಡಬಲಕ್ಕೆ ತಿರುಗಿಸಿದರೆ ಹಣೆಯ ಚರ್ಮವೂ ಜೊತೆಗೆ ಸರಿಯಬೇಕು, ಹೆಲ್ಮೆಟ್ ಮಾತ್ರ ತಿರುಗಬಾರದು. ಗದ್ದದ ಪಟ್ಟಿಯನ್ನು ಬಿಗಿದು, ಬೇರೊಬ್ಬರು ಹಿಂದಿನಿಂದ ಅಂಚನ್ನು ಹಿಡಿದು ಮುಂದಕ್ಕೆ ಉರುಳಿಸಲು ಯತ್ನಿಸಬೇಕು. ಕಳಚಿದರೆ ಅದು ನಮ್ಮದಲ್ಲ. ಕೊನೆಯದಾಗಿ, ಅಂಗಡಿಯಲ್ಲೇ ಇಪ್ಪತ್ತು ನಿಮಿಷ ಧರಿಸಿ ಕುಳಿತಿರಬೇಕು. ಒಂದೇ ಜಾಗದಲ್ಲಿ ಚುಚ್ಚಿ ನೋಯುತ್ತಿದ್ದರೆ ಆಕಾರ ಹೊಂದುತ್ತಿಲ್ಲವೆಂದು ಅರ್ಥ. ಕನ್ನಡಕ ಧರಿಸುವವರು ಅದನ್ನು ಹಾಕಿಕೊಂಡೇ ಪರೀಕ್ಷಿಸಬೇಕು. ನಾವು ಅಂಗಡಿಯಲ್ಲಿ ಕುಳಿತ ಆ ಇಪ್ಪತ್ತು ನಿಮಿಷ ಅಂಗಡಿಯವರಿಗೆ ಬೇಸರ ತಂದಿರಬಹುದು. ಆದರೆ ಮಗ ಮೊದಲು ಮೆಚ್ಚಿದ್ದ ಕೆಂಪು ಹೆಲ್ಮೆಟ್ ಹದಿನೈದನೆಯ ನಿಮಿಷಕ್ಕೆ ಹಣೆಯನ್ನು ಒತ್ತತೊಡಗಿತು. ಮನೆಗೆ ಬಂದದ್ದು ಸಾದಾ ಬಿಳಿಯದು.

ಕುತ್ತಿಗೆಯ ಕಾಳಜಿ

ಎದುರಿನಿಂದ ಅಪ್ಪಳಿಸಿದಾಗ ಪಟ್ಟಿಗಳು ಮೈಯನ್ನು ಹಿಡಿದು ನಿಲ್ಲಿಸುತ್ತವೆ, ತಲೆಯನ್ನು ಹಿಡಿಯುವವರಿಲ್ಲ. ಅದು ಹೆಲ್ಮೆಟ್ಟಿನ ಭಾರದೊಡನೆ ಮುಂದಕ್ಕೆ ಎಳೆಯಲ್ಪಟ್ಟು ಬುರುಡೆಯ ಬುಡವೇ ಮುರಿಯಬಹುದು. ಅಮೆರಿಕದ ಪ್ರಸಿದ್ಧ ರೇಸುಗಾರ ಡೇಲ್ ಅರ್ನ್‌ಹಾರ್ಟ್ 2001ರಲ್ಲಿ ತೀರಿಕೊಂಡದ್ದು ಇಂಥ ಗಾಯದಿಂದ. ಇದನ್ನು ತಡೆಯಲು ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್ ಮತ್ತು ಅವರ ಬಂಧು, ರೇಸುಗಾರ ಜಿಮ್ ಡೌನಿಂಗ್ 1980ರ ದಶಕದಲ್ಲೇ 'ಹಾನ್ಸ್' ಎಂಬ ಸಾಧನವನ್ನು ರೂಪಿಸಿದ್ದರು. ಹೆಗಲ ಮೇಲೆ ಕೂರುವ ಈ ಚೌಕಟ್ಟನ್ನು ಎರಡು ಪಟ್ಟಿಗಳು ಹೆಲ್ಮೆಟ್ಟಿಗೆ ಜೋಡಿಸುತ್ತವೆ. ಫಾರ್ಮುಲಾ ಒನ್‌ನಲ್ಲಿ 2003ರಿಂದ ಅದು ಕಡ್ಡಾಯ. ಎಸ್‌ಎ 2015ರಿಂದೀಚೆಗಿನ ಹೆಲ್ಮೆಟ್ಟುಗಳಲ್ಲಿ ಅದನ್ನು ಜೋಡಿಸಲು ವ್ಯವಸ್ಥೆ ಇರಲೇಬೇಕು. ಮನೆಯಲ್ಲಿ ತೂತು ಕೊರೆದು ಜೋಡಿಸುವ ಸಾಹಸ ಸಲ್ಲದು.

ಹಗುರವಾದ ಹೆಲ್ಮೆಟ್ಟಿಗೆ ಬೆಲೆ ಹೆಚ್ಚಾಗಲು ಕುತ್ತಿಗೆಯ ಮೇಲಿನ ಈ ಭಾರವೇ ಕಾರಣ. ಹಣವಿದ್ದರೆ ಅದಕ್ಕೆ ಕೊಡಬಹುದು. ಇಲ್ಲವಾದರೆ ಸಾಧಾರಣ ಫೈಬರ್ ಗ್ಲಾಸ್ ಹೆಲ್ಮೆಟ್ ಕೊಂಡು, ಉಳಿದ ಹಣವನ್ನು ಹಾನ್ಸ್ ಸಾಧನಕ್ಕೆ ಹಾಕುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಕಾರ್ಟಿಂಗ್ ಕಲಿಯುವ ಚಿಕ್ಕ ಮಕ್ಕಳಿಗೆ ದೊಡ್ಡವರ ಹೆಲ್ಮೆಟ್ಟಿನೊಳಗೆ ಬಟ್ಟೆ ತುರುಕಿ ಹಾಕುವುದಂತೂ ತಪ್ಪೇ ತಪ್ಪು. ಅವರಿಗೆಂದೇ ಸಿಎಂಆರ್ ದರ್ಜೆಯ ಹಗುರ ಹೆಲ್ಮೆಟ್ಟುಗಳಿವೆ.

ಮುಖ ತೆರೆದಿರುವ ಹೆಲ್ಮೆಟ್ಟೋ ಪೂರ್ತಿ ಮುಚ್ಚಿದ್ದೋ ಎಂಬ ಪ್ರಶ್ನೆಗೆ ಉತ್ತರ ಸುಲಭ. 2009ರಲ್ಲಿ ಹಂಗೇರಿಯಲ್ಲಿ ಮುಂದಿನ ಕಾರಿನಿಂದ ಕಳಚಿಬಿದ್ದ ಸ್ಪ್ರಿಂಗ್ ಒಂದು ಫೆಲಿಪೆ ಮಸ್ಸಾ ಅವರ ಹೆಲ್ಮೆಟ್ಟಿಗೆ ಬಡಿಯಿತು; ಪೂರ್ತಿ ಮುಚ್ಚಿದ ಹೆಲ್ಮೆಟ್ ಇದ್ದುದರಿಂದ ಅವರು ಬದುಕಿ, ಮರುವರ್ಷ ಮತ್ತೆ ರೇಸಿಗೆ ಇಳಿದರು. ಮೇಲ್ಛಾವಣಿಯಿಲ್ಲದ ಕಾರಿಗೆ ಪೂರ್ತಿ ಮುಚ್ಚಿದ್ದೇ ಬೇಕು. ಮುಚ್ಚಿದ ಕಾರಿಗೂ ಹೊಸಬರು ಅದನ್ನೇ ಆರಿಸುವುದು ಒಳಿತು.

ಕೊಂಡ ಮೇಲೆ

ಹೆಲ್ಮೆಟ್ಟನ್ನು ಪೆಟ್ರೋಲ್ ಡಬ್ಬಿಯ ಪಕ್ಕದಲ್ಲಾಗಲಿ ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಾಗಲಿ ಇಡಬಾರದು. ಪೆಟ್ರೋಲ್, ತಿನ್ನರ್‌ಗಳು ಒಳಪದರವನ್ನೇ ಕರಗಿಸಬಲ್ಲವು. ಸ್ವಂತಕ್ಕೆ ಬಣ್ಣ ಬಳಿಯುವುದೂ ಇದೇ ಕಾರಣಕ್ಕೆ ಅಪಾಯಕಾರಿ. ಚೆನ್ನೈಯ ಸೆಕೆಗೆ ಬೆವರು ಹೇರಳ. ಸೌಮ್ಯ ಸಾಬೂನು ನೀರಿನಿಂದ ಒರೆಸಿ ನೆರಳಿನಲ್ಲಿ ಆರಿಸಬೇಕು. ಪೆಟ್ಟು ಬೀಳದಿದ್ದರೂ ಐದು ವರ್ಷಕ್ಕೊಮ್ಮೆ ಬದಲಿಸುವುದು ಸ್ನೆಲ್ ಸಂಸ್ಥೆಯ ಸಲಹೆ.

ಕಾರ್ ರೇಸಿನ ಒಳ್ಳೆಯ ಹೆಲ್ಮೆಟ್ಟಿಗೆ ಹತ್ತಾರು ಸಾವಿರ ರೂಪಾಯಿ ಬೀಳುತ್ತದೆ. ಲೆಕ್ಕ ಹಾಕುವುದೇ ಕಸುಬಾದ ನಮಗೆ ಅದು ಸಣ್ಣ ಮೊತ್ತವೆನಿಸಲಿಲ್ಲ. ಆದರೆ ಎಂದೂ ಪ್ರಯೋಜನಕ್ಕೆ ಬಾರದಿರಲಿ ಎಂದು ಬೇಡಿಕೊಳ್ಳುತ್ತಲೇ ವಿಮೆಯ ಕಂತು ಕಟ್ಟುವವರಲ್ಲವೇ ನಾವು? ಮಕ್ಕಳು ರೇಸಿಗೆ ಹೋಗುತ್ತೇನೆಂದರೆ ಬೇಡವೆನ್ನುವ ಅಧಿಕಾರ ತಂದೆತಾಯಿಗೆ ಬಹುಕಾಲ ಉಳಿಯುವುದಿಲ್ಲ. ಅಸ್ತರು ಬಿಡಿಸಿ ಚೀಟಿ ತೋರಿಸು ಎನ್ನುವ ಅಧಿಕಾರವಂತೂ ಉಳಿದೇ ಇರುತ್ತದೆ. ಅದನ್ನು ಓದುಗ ಬಂಧುಗಳು ತಪ್ಪದೆ ಚಲಾಯಿಸಲಿ ಎಂಬುದು ನಮ್ಮ ಕೋರಿಕೆ. ನಮ್ಮ ಮನೆಯ ಬಿಳಿ ಹೆಲ್ಮೆಟ್ ಇದುವರೆಗೆ ಒಂದು ಗೀರನ್ನೂ ಕಂಡಿಲ್ಲ. ಐದು ವರ್ಷ ಕಳೆದ ಮೇಲೆ ಅದು ಹಾಗೆಯೇ ಅಟ್ಟ ಸೇರಲಿ.