ಯಾವ ಊರಿಗೆ ಎಷ್ಟು ಹಾಸಿಗೆ?

1962ರಲ್ಲಿ ಬ್ರಿಟನ್ನಿನ ಆರೋಗ್ಯ ಸಚಿವ ಈನಕ್ ಪವೆಲ್ ಮಂಡಿಸಿದ ಆಸ್ಪತ್ರೆ ಯೋಜನೆಯಲ್ಲಿ ಒಂದು ಅಂಕಿ ಇತ್ತು: ಸಾವಿರ ಜನರಿಗೆ ಅಲ್ಪಾವಧಿ ಚಿಕಿತ್ಸೆಯ 3.3 ಹಾಸಿಗೆ. ತಲೆ ಎಣಿಸಿ ಹಂಚಿದರೆ ಮುಗಿಯಿತಲ್ಲ ಎನಿಸುತ್ತದೆ. ಆದರೆ ವಯಸ್ಸಾದವರೇ ಹೆಚ್ಚಿರುವ ಊರಿಗೂ ಕಲ್ಲಿದ್ದಲ ದೂಳು ಕುಡಿದ ಕಣಿವೆಗೂ ಒಂದೇ ಅಳತೆ ಹೊಂದೀತೆ? ವೇಲ್ಸಿನ ಗಣಿ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕಟುವಾಗಿಯೇ ಬರೆದರು: ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ.

ಸರಿ, ಎಲ್ಲಿ ಹಾಸಿಗೆಗಳು ತುಂಬಿವೆಯೋ ಅಲ್ಲಿಗೆ ಇನ್ನಷ್ಟು ಕೊಡೋಣವೇ? ಅಮೆರಿಕದ ಮಿಲ್ಟನ್ ರೋಮರ್ ಕಂಡುಕೊಂಡಂತೆ, ಖರ್ಚನ್ನು ವಿಮೆ ಭರಿಸುವ ಕಡೆ ಹೊಸದಾಗಿ ಹಾಕಿದ ಹಾಸಿಗೆಯೂ ತುಂಬಿಕೊಳ್ಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದರಲ್ಲಿ ಆಸ್ಪತ್ರೆಗಳೂ ಹಿಂದೆ ಬಿದ್ದಿಲ್ಲ! ಹೀಗಾಗಿ ತುಂಬಿದ ವಾರ್ಡು ಅಗತ್ಯಕ್ಕೆ ಸಾಕ್ಷಿಯಾಗಲಾರದು.

1976ರಲ್ಲಿ ಇಂಗ್ಲೆಂಡಿನ ಸಮಿತಿಯೊಂದು ಬೇರೆ ದಾರಿ ಹಿಡಿಯಿತು. ಅದು ಹಂಚಲು ಹೊರಟಿದ್ದು ಹಣವನ್ನು. ಹಾಸಿಗೆ ಹಣದ ಹಿಂದೆ ಬರುತ್ತದೆ. ಪ್ರತಿ ಪ್ರಾಂತ್ಯದ ಜನಸಂಖ್ಯೆಯನ್ನು ವಯಸ್ಸು, ಲಿಂಗದ ಪ್ರಕಾರ ತೂಗಿ, ಅದರ ಮೇಲೆ ಸಾವಿನ ಲೆಕ್ಕ ಹಾಕಿದರು. ರಾಷ್ಟ್ರದ ಸರಾಸರಿ ಪ್ರಕಾರ ಒಂದು ಕಡೆ 1000 ಸಾವು ಆಗಬೇಕಿತ್ತು, ಆದದ್ದು 1120 ಎಂದುಕೊಳ್ಳಿ. ಸೂಚ್ಯಂಕ 112, ಅಲ್ಲಿಗೆ ಅಷ್ಟರಮಟ್ಟಿಗೆ ಹೆಚ್ಚು ಪಾಲು. ಈ ಲೆಕ್ಕದಲ್ಲಿ ಉತ್ತರದ ಕೈಗಾರಿಕಾ ಪ್ರದೇಶಗಳ ಪಾಲು ಹೆಚ್ಚಿತು. ಹೆಸರಾಂತ ಬೋಧನಾ ಆಸ್ಪತ್ರೆಗಳನ್ನು ಗುಡ್ಡೆ ಹಾಕಿಕೊಂಡಿದ್ದ ಲಂಡನ್ ಗೊಣಗಿತು.

ಸಾವನ್ನೇ ಏಕೆ ಎಣಿಸಿದರು? ಅದರ ದಾಖಲೆ ಎಲ್ಲ ಕಡೆ ಇರುತ್ತದೆ, ಆಸ್ಪತ್ರೆ ಇದ್ದರೂ ಇಲ್ಲದಿದ್ದರೂ. ಆದರೆ ಮಂಡಿ ಸವೆದವರು ಹತ್ತು ವರ್ಷ ನರಳಿದರೂ ಸಾಯುವುದಿಲ್ಲ, ಈ ಪಟ್ಟಿಗೆ ಸೇರುವುದೂ ಇಲ್ಲ. ಕುರುಡು ಇರುವ ಅಳತೆಯೇ ಇದು. ಆದರೂ ಯಾರ ಪ್ರಭಾವಕ್ಕೂ ಬಗ್ಗದ ಗುಣಕ್ಕಾಗಿ ನಾನಂತೂ ತುಂಬಿದ ವಾರ್ಡಿಗಿಂತ ಇದನ್ನೇ ನಂಬುತ್ತೇನೆ.

ಪಾಲು ನಿಗದಿಯಾದ ಮೇಲೂ ಹಾಸಿಗೆಗಳನ್ನು ಎಲ್ಲಿ ಇಡುವುದು ಎಂಬ ಜಗಳ ಉಳಿಯುತ್ತದೆ. ದಿನಕ್ಕೆ ಸರಾಸರಿ 100 ಹಾಸಿಗೆ ಬೇಕಿದ್ದರೆ, ಬೇಡಿಕೆಯ ಸಹಜ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ 10. ಅದರ ಎರಡರಷ್ಟು ಹೆಚ್ಚುವರಿ ಇಟ್ಟು 120 ಹಾಕಿದರೆ ಬಹುತೇಕ ದಿನ ಯಾರನ್ನೂ ವಾಪಸ್ ಕಳಿಸಬೇಕಿಲ್ಲ. ಅದೇ ಬೇಡಿಕೆಯನ್ನು ಹತ್ತು ಸಣ್ಣ ಆಸ್ಪತ್ರೆಗಳಿಗೆ ಹಂಚಿದರೆ ಒಂದೊಂದಕ್ಕೂ 17, ಒಟ್ಟು 170 ಬೇಕು. ಒಂದೇ ದೊಡ್ಡ ಆಸ್ಪತ್ರೆ ಕಟ್ಟಿದರೆ 50 ಹಾಸಿಗೆ ಉಳಿಯುತ್ತದೆ. ಆ ಉಳಿತಾಯಕ್ಕೆ ಬಸ್ ಚಾರ್ಜು ತೆರುವವರು ದೂರದ ಊರಿನ ರೋಗಿ, ಜೊತೆಗೆ ಕೂಲಿ ಬಿಟ್ಟು ಬರುವ ಮನೆಯವರು. ಆಸ್ಪತ್ರೆಯ ಲೆಕ್ಕಪತ್ರದಲ್ಲಿ ಆ ಖರ್ಚಿಗೆ ಕಾಲಮ್ಮೇ ಇರುವುದಿಲ್ಲ.