ಊರ ಮಣ್ಣು, ಊರಲ್ಲೇ ಕೂಲಿ

ನಾನು ಮನೆ ಕಟ್ಟುವ ಮೇಸ್ತ್ರಿ. ವಿಶ್ವವಿದ್ಯಾಲಯ ಜನರಿಗೇನು ಕೊಟ್ಟಿತು ಎಂದು ಯಾರಾದರೂ ಕೇಳಿದರೆ ಕೂಲಿಯ ಲೆಕ್ಕದಲ್ಲೇ ಹೇಳುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಶುರುವಾಯಿತು. ಹಳ್ಳಿಗೆ ಒಗ್ಗುವ ತಂತ್ರಜ್ಞಾನ ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಪ್ರಯೋಗಗಳೂ ನಡೆದವು. ಹೆಸರು ಮಾಡಿದ್ದು ಸೌದೆ ಉಳಿಸುವ ಅಸ್ತ್ರ ಒಲೆ. ನನಗೆ ಅನ್ನ ಕೊಟ್ಟದ್ದು ಮಾತ್ರ ಅಲ್ಲಿನ ಕೆ.ಎಸ್. ಜಗದೀಶ್ ಮತ್ತು ಜೊತೆಯವರು ಬೆಳೆಸಿದ ಮಣ್ಣಿನ ಇಟ್ಟಿಗೆ.

ಪಾಯ ತೋಡಿದ ಮಣ್ಣನ್ನೇ ಜರಡಿ ಹಿಡಿಯುತ್ತೇವೆ. ಜೇಡಿ ಹೆಚ್ಚಿದ್ದರೆ ಮರಳು, ಜೊತೆಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು. ನೀರಿನ ಹದದಲ್ಲೇ ಇರುವುದು ಕಸುಬು: ಮುಷ್ಟಿ ಕಟ್ಟಿದರೆ ಉಂಡೆಯಾಗಬೇಕು, ಕೈಗೆ ಅಂಟಬಾರದು. ಕೈಯಂತ್ರದ ಅಚ್ಚಿಗೆ ತುಂಬಿ ಉದ್ದನೆಯ ಸನ್ನೆಗೋಲು ಎಳೆದರೆ ಗಟ್ಟಿ ಇಟ್ಟಿಗೆ ಸಿದ್ಧ. ಆಮೇಲೆ ಮೂರು ನಾಲ್ಕು ವಾರ ಕ್ಯೂರಿಂಗ್. ಗೂಡೂ ಬೇಡ, ಸೌದೆಯೂ ಬೇಡ.

ಸುಟ್ಟ ಇಟ್ಟಿಗೆಯ ದುಡ್ಡಿನಲ್ಲಿ ಸೌದೆ, ಲಾರಿ ಬಾಡಿಗೆ ಸೇರಿರುತ್ತದೆ. ಮಣ್ಣಿನ ಇಟ್ಟಿಗೆಯಲ್ಲಿ ದೊಡ್ಡ ಪಾಲು ಊರ ಕೈಗೇ ಸೇರುತ್ತದೆ. ಹಾಗೆಂದು ಎಲ್ಲವೂ ಸರಿಯಿಲ್ಲ. ಎಷ್ಟೋ ಕಡೆ ಸನ್ನೆಗೋಲು ಎಳೆಯುವ ಗಂಡಾಳಿಗೆ ಹೆಚ್ಚು ಕೂಲಿ, ದಿನವಿಡೀ ಮಣ್ಣು ಹೊರುವ ಹೆಣ್ಣಾಳಿಗೆ ಕಡಿಮೆ. ಇದನ್ನು ತಿದ್ದಬೇಕಾದವರು ವಿಜ್ಞಾನಿಗಳಲ್ಲ, ಶನಿವಾರ ಬಟವಾಡೆ ಮಾಡುವ ನನ್ನಂಥವರು. ನಮ್ಮ ಗುಂಪಿನಲ್ಲಿ ಇಟ್ಟಿಗೆ ಲೆಕ್ಕದ ದುಡ್ಡು ಎಲ್ಲರಿಗೂ ಸಮಪಾಲು. ಗಂಡಸರಲ್ಲಿ ಒಬ್ಬಿಬ್ಬರು ಈಗಲೂ ಗೊಣಗುತ್ತಾರೆ, ಗೊಣಗಲಿ.